ಕತ್ತರಿ ಯಾರ ಕೈಯಲ್ಲಿದೆ

ಪೀಣ್ಯದ ಸಣ್ಣ ಶೆಡ್ಡೊಂದರಲ್ಲಿ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕೆತ್ತುವ ಯಂತ್ರ, ನಡೆಸುವ ಪರಿಚಯದವರೊಬ್ಬರಿದ್ದಾರೆ. ಐಟಿಐನಲ್ಲಿ ಟರ್ನರ್ ಕಲಿತು ಬಂದವರು, ಹದಿನೆಂಟು ವರ್ಷದಿಂದ ಅದೇ ಕೆಲಸ. ಎರಡು ವರ್ಷದಿಂದೀಚೆಗೆ ತಮ್ಮ ಕೆಲಸದ ವಿಡಿಯೊಗಳನ್ನು ಯೂಟ್ಯೂಬ್‌ಗೆ ಹಾಕುತ್ತಿದ್ದಾರೆ. ಅತಿ ಹೆಚ್ಚು ಜನ ನೋಡಿದ್ದು ನಲವತ್ತು ಸೆಕೆಂಡಿನ ಒಂದು ತುಣುಕನ್ನು. ಗಿರ್ರನೆ ತಿರುಗುವ ಉಕ್ಕಿನ ಸರಳಿಗೆ ಕಾರ್ಬೈಡ್ ತುದಿ ತಾಗುತ್ತದೆ. ಚೂರು ಸುರುಳಿ ಸುತ್ತಿಕೊಂಡು ಏಳುತ್ತದೆ. ಏಳುವಾಗ ಬೆಳ್ಳಗಿದ್ದದ್ದು ಕಣ್ಣೆದುರಿಗೇ ಕಂದಾಗಿ, ನೇರಳೆಯಾಗಿ, ಕೊನೆಗೆ ನವಿಲಿನ ಕತ್ತಿನ ನೀಲಿಗೆ ತಿರುಗಿ ಟ್ರೇಗೆ ಬೀಳುತ್ತದೆ. ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಯಂತ್ರದ ಸದ್ದು ಮಾತ್ರ.

ಆ ನೀಲಿಗೆ ಅರ್ಥವಿದೆ. ಕತ್ತರಿಸುವಾಗ ಹುಟ್ಟಿದ ಬಿಸಿ ಚೂರಿನೊಂದಿಗೆ ಹೊರಟುಹೋಗುತ್ತಿದೆ, ಜಾಬ್‌ಗೆ, ಅಂದರೆ ತಯಾರಾಗುತ್ತಿರುವ ವಸ್ತುವಿಗೆ, ಇಳಿಯುತ್ತಿಲ್ಲ, ತಿರುಗುವ ವೇಗವೂ ತುದಿ ಮುಂದೆ ಸರಿಯುವ ಫೀಡೂ ಹದವಾಗಿ ಕೂತಿವೆ ಎಂದು ಬಲ್ಲವರು ಅದರಿಂದ ತಿಳಿಯುತ್ತಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಹೇಳಿದ ಇನ್ನೊಂದು ಮಾತು. ತಯಾರಾದ ಜಾಬನ್ನು ಅವರು ಎಂದೂ ವಿಡಿಯೊದಲ್ಲಿ ತೋರಿಸುವುದಿಲ್ಲ. ‘ಅದು ಗಿರಾಕಿಯ ಡ್ರಾಯಿಂಗ್, ತೋರಿಸುವ ಹಾಗಿಲ್ಲ. ಚೂರಿನ ಮೇಲೆ ಯಾರ ಹೆಸರೂ ಇಲ್ಲವಲ್ಲ’ ಎಂದರು. ಜಾಬ್ ಗಿರಾಕಿಗೆ ಹೋಗುತ್ತದೆ, ಚೂರು ಗುಜರಿಗೆ. ಗುಜರಿಗೆ ಹೋಗುವ ಭಾಗದಲ್ಲಿ ಅವರು ತಮ್ಮ ವಿಡಿಯೊವನ್ನು ಕಂಡುಕೊಂಡಿದ್ದಾರೆ.

ದುಡಿಯುವ ಜನ ತಮ್ಮ ದುಡಿಮೆಯನ್ನೇ ಚಿತ್ರೀಕರಿಸಿ ಹಾಕುವುದು ಈಗ ಎಲ್ಲೆಡೆ ಕಾಣುವ ಸಂಗತಿ. ಲಾರಿ ಚಾಲಕ, ಮಲ್ಪೆಯ ಬೋಟಿನ ಕಲಾಸಿ, ಡೆಲಿವರಿ ಹುಡುಗ, ನರ್ಸ್, ಹೋಟೆಲಿನ ದೋಸೆ ಭಟ್ಟರು, ಕುರಿಗಾಹಿ, ಎಲ್ಲರೂ ಇದ್ದಾರೆ. ಇದನ್ನು ಹೆಸರಿನ ಹುಚ್ಚು ಎಂದು ತಳ್ಳಿಹಾಕುವವರೂ ಇದ್ದಾರೆ, ಹಳ್ಳಿಯ ಪ್ರತಿಭೆಗೆ ಸಿಕ್ಕ ವೇದಿಕೆ ಎಂದು ಕೊಂಡಾಡುವವರೂ ಇದ್ದಾರೆ. ಎರಡೂ ಮಾತು ನನಗೆ ಅರ್ಧಂಬರ್ಧ ಅನ್ನಿಸುತ್ತವೆ. ಸಂಬಳಕ್ಕೋ ಕೂಲಿಗೋ ದುಡಿಯುವವನಿಗೆ ತನ್ನ ದಿನ ಎಲ್ಲಿ ಶುರುವಾಗಬೇಕು, ಯಾವ ಹೊತ್ತು ಉದ್ದವಾಗಬೇಕು, ಯಾವುದು ಬೇಗ ಮುಗಿಯಬೇಕು ಎಂದು ಹೇಳುವ ಅಧಿಕಾರ ಇರುವುದಿಲ್ಲ. ರಾತ್ರಿ ಊಟವಾದ ಮೇಲೆ ಮೊಬೈಲ್ ಹಿಡಿದು ಎಡಿಟ್ ಮಾಡಲು ಕೂತಾಗ ಆ ಅಧಿಕಾರ ಸಿಗುತ್ತದೆ. ಹನ್ನೆರಡು ಗಂಟೆಯ ಪಾಳಿ ಹನ್ನೆರಡು ನಿಮಿಷಕ್ಕೆ ಇಳಿಯುತ್ತದೆ. ಮೇಸ್ತ್ರಿ ಬೈದದ್ದನ್ನು ತೆಗೆಯಬಹುದು, ಚಹಾ ಕುಡಿದದ್ದನ್ನು ಎಳೆದು ಉದ್ದ ಮಾಡಬಹುದು. ಸೃಜನಶೀಲತೆ ಎಂಬುದು ಇಲ್ಲಿ ಇರುವುದಾದರೆ ಆ ಕತ್ತರಿಯಲ್ಲಿದೆ. ಈ ವಿಡಿಯೊಗಳ ಸುತ್ತ ಏಳುವ ಜಗಳಗಳೂ ಬಹುಮಟ್ಟಿಗೆ ಅದು ಯಾರ ಕೈಯಲ್ಲಿರಬೇಕು ಎಂಬುದರ ಜಗಳಗಳೇ.

ಇಲ್ಲಿಗೆ ಬಂದ ದಾರಿ ಎಲ್ಲರಿಗೂ ಗೊತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ಟಿಕ್‌ಟಾಕ್ ಎಡಿಟಿಂಗನ್ನು ಹೆಬ್ಬೆರಳಿನ ಕೆಲಸವಾಗಿಸಿತು. ಗಾಲ್ವಾನ್ ಘರ್ಷಣೆಯ ಬೆನ್ನಿಗೆ 2020ರ ಜೂನ್ 29ರಂದು ಸರ್ಕಾರ ಅದನ್ನೂ ಸೇರಿಸಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಗಾರೆ ಕೆಲಸದವರು, ಟೈಲರ್‌ಗಳು, ಹೊಲದ ಕೂಲಿಯವರು ಕಟ್ಟಿಕೊಂಡಿದ್ದ ಪುಟ್ಟ ಪುಟ್ಟ ಪ್ರಪಂಚಗಳು ರಾತ್ರೋರಾತ್ರಿ ಮುಚ್ಚಿಹೋದವು. ಕೆಲವೇ ವಾರಗಳಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರಿಗೆ ಯೂಟ್ಯೂಬ್ ಶಾರ್ಟ್ಸ್ ಆ ಜಾಗಕ್ಕೆ ಬಂದವು. ಅದೇ ವರ್ಷ ಲಾಕ್‌ಡೌನಿನಲ್ಲಿ ಕೂಲಿ ನಿಂತುಹೋಗಿದ್ದ ಒಡಿಶಾದ ಸಂಬಲ್‌ಪುರ ಜಿಲ್ಲೆಯ ಇಸಾಕ್ ಮುಂಡಾ ಸಾಲ ಮಾಡಿ ಫೋನು ಕೊಂಡು ತಾವು ಊಟ ಮಾಡುವುದನ್ನೇ ವಿಡಿಯೊ ಮಾಡಿ ಹಾಕಿದರು. ತಟ್ಟೆಯಲ್ಲಿದ್ದದ್ದು ಅನ್ನ ಮತ್ತು ಸಾರು. ಮರುವರ್ಷ ಪ್ರಧಾನಿಯವರ ‘ಮನದ ಮಾತಿ’ನಲ್ಲಿ ಅವರ ಹೆಸರು ಬಂತು.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಲಾರಿಯ ವಿಡಿಯೊಗಳನ್ನು. ಜಾರ್ಖಂಡಿನ ರಾಜೇಶ್ ರವಾನಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲಾರಿ ಓಡಿಸಿದವರು. ಕ್ಯಾಬಿನ್ನಿನಲ್ಲೇ ಒಲೆ ಹಚ್ಚಿ ಕೋಳಿಸಾರು ಮಾಡುವುದು, ಮಗನ ಜೊತೆ ರಾಜ್ಯದಿಂದ ರಾಜ್ಯಕ್ಕೆ ದಾಟುವುದು, ಇಷ್ಟೇ ಅವರ ವಿಡಿಯೊಗಳ ಸರಕು. ಹತ್ತು ಲಕ್ಷಕ್ಕೂ ಮೀರಿ ಚಂದಾದಾರರು ಬಂದರು, 2024ರ ಆರಂಭದಲ್ಲಿ ಉದ್ಯಮಿ ಆನಂದ್ ಮಹೀಂದ್ರಾ ಇವರನ್ನು ಕೊಂಡಾಡಿದರು. ಅದೇ ವರ್ಷ ಸಂದರ್ಶನವೊಂದರಲ್ಲಿ ಅವರು ಲೆಕ್ಕ ಬಿಚ್ಚಿಟ್ಟರು: ಲಾರಿಯಿಂದ ತಿಂಗಳಿಗೆ 25ರಿಂದ 30 ಸಾವಿರ, ಯೂಟ್ಯೂಬ್‌ನಿಂದ ನಾಲ್ಕೈದು ಲಕ್ಷ. ಆದರೂ ಸ್ಟಿಯರಿಂಗ್ ಬಿಡಲಿಲ್ಲ. ಅದರಲ್ಲಿ ವಿಶೇಷವೇನೂ ಇಲ್ಲ, ಲಾರಿ ಬಿಟ್ಟರೆ ವಿಡಿಯೊ ಎಲ್ಲಿಂದ ಬರಬೇಕು?

ಕನ್ನಡದಲ್ಲೂ ಇಂಥ ಚಾಲಕರು ಹಲವರಿದ್ದಾರೆ. ಈ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದರೆ ಒಂದು ವಿಚಿತ್ರ ಗೊತ್ತಾಗುತ್ತದೆ. ಇವುಗಳಲ್ಲಿ ಓಡುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ಲೋಡಿಂಗಿಗೆ ಕಾಯುವುದು, ಅನ್‌ಲೋಡಿಂಗಿಗೆ ಕಾಯುವುದು, ನಗರದೊಳಗೆ ಬಿಡುವ ಸಮಯಕ್ಕೆ ಕಾಯುವುದು, ಮರಳಿ ಬರಲು ಲೋಡು ಸಿಗಲಿ ಎಂದು ಪಾರ್ಕಿಂಗಿನಲ್ಲಿ ಎರಡು ದಿನ ಬಿದ್ದಿರುವುದು. ಮಾಲೀಕನ ಲೆಕ್ಕದಲ್ಲಿ ಇದು ಸತ್ತ ಸಮಯ, ಕಿಲೊಮೀಟರ್ ಲೆಕ್ಕದ ಭತ್ಯೆಗೆ ಇದು ಕಾಣುವುದೇ ಇಲ್ಲ. ಸರಕಿನ ಜೊತೆ ಇರಬೇಕಾದ ಇ-ವೇ ಬಿಲ್ಲು ತನ್ನ ಅವಧಿಯನ್ನು ಪ್ರತಿ 200 ಕಿಲೊಮೀಟರಿಗೆ ಒಂದು ದಿನ ಎಂದು ಎಣಿಸುತ್ತದೆ, ಅದಕ್ಕೂ ದೂರವೇ ಗೊತ್ತು, ಗೇಟಿನ ಮುಂದಿನ ಸರತಿ ಗೊತ್ತಿಲ್ಲ. ಚಾಲಕ ಆ ಸತ್ತ ಸಮಯವನ್ನೇ ತೆಗೆದುಕೊಂಡು ಬದನೆಕಾಯಿ ಹೆಚ್ಚುತ್ತ, ಟಾರ್ಪಾಲು ಬಿಗಿಯುತ್ತ, ಪಕ್ಕದ ಲಾರಿಯವನ ಊರು ಕೇಳುತ್ತ ಇಪ್ಪತ್ತು ನಿಮಿಷದ ವಿಡಿಯೊ ಮಾಡುತ್ತಾನೆ. ಟರ್ನರ್ ಗುಜರಿ ಚೂರನ್ನು ಎತ್ತಿಕೊಂಡ ಹಾಗೆಯೇ ಇದು. ಕೂಲಿಯ ಲೆಕ್ಕಕ್ಕೆ ಸಿಗದೆ ಉಳಿದದ್ದು ಅವನ ಸ್ವಂತದ್ದಾಯಿತು.

ಇದರಲ್ಲಿ ಅವನು ಉದ್ದೇಶಿಸದ ಸಾಕ್ಷ್ಯವೂ ಸೇರಿಕೊಳ್ಳುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿತ್ತು. ಬೆಳಗಿನ ಜಾವ ನಾಲ್ಕಕ್ಕೆ ‘ನಮಸ್ಕಾರ ಸ್ನೇಹಿತರೇ’ ಎಂದು ಶುರುವಾಗಿ ರಾತ್ರಿ ಹನ್ನೊಂದಕ್ಕೆ ಡಾಬಾದಲ್ಲಿ ಮುಗಿಯುವ ವಿಡಿಯೊ ಆ ಕಾಯ್ದೆಯ ಪಾಡನ್ನು ಯಾವ ವರದಿಗಿಂತಲೂ ಚೆನ್ನಾಗಿ ಹೇಳುತ್ತದೆ. ಮೇ ತಿಂಗಳಲ್ಲಿ ಕ್ಯಾಬಿನ್ನಿನ ಬಿಸಿಗೆ ಒದ್ದೆ ಟವೆಲು ತಲೆಗೆ ಸುತ್ತಿಕೊಂಡು ಮಾತಾಡುವ ಚಾಲಕನನ್ನು ನೋಡಿದವರಿಗೆ, 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯ ಎಂಬ ನಿಯಮ ಏಕೆ ಇಷ್ಟು ತಡವಾಯಿತು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. 2023ರ ಮೇ ತಿಂಗಳಲ್ಲಿ ರಾಹುಲ್ ಗಾಂಧಿ ಹರಿಯಾಣದಲ್ಲಿ ಲಾರಿ ಹತ್ತಿ ಚಾಲಕರ ಜೊತೆ ಪ್ರಯಾಣಿಸಿದ ವಿಡಿಯೊವೂ ಇದೇ ಕ್ಯಾಬಿನ್ನನ್ನು ತೋರಿಸಿತ್ತು. ಆದರೆ ಅದರಲ್ಲಿ ಚಾಲಕ ಉತ್ತರ ಕೊಡುವವನು. ತನ್ನ ವಿಡಿಯೊದಲ್ಲಿ ಅವನಿಗೆ ಯಾರೂ ಪ್ರಶ್ನೆ ಕೇಳುತ್ತಿಲ್ಲ, ಆದ್ದರಿಂದ ಅವನು ಕಷ್ಟದ ಬಗ್ಗೆ ಮಾತಾಡುವುದು ಕಡಿಮೆ, ಒಗ್ಗರಣೆಯ ಬಗ್ಗೆ ಹೆಚ್ಚು.

ದುಡಿಮೆಯಿಂದ ಹುಟ್ಟುವ ಕಲೆ ನಮಗೆ ಹೊಸದಲ್ಲ. ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತ ಹೆಂಗಸರು ಹಾಡಿದ ಬೀಸುವ ಪದಗಳು ಕನ್ನಡದ ತ್ರಿಪದಿಯ ದೊಡ್ಡ ಕಣಜ. ಅತ್ತೆಯ ಮೇಲಿನ ಸಿಟ್ಟು, ತವರಿನ ಹಂಬಲ, ಎದುರಿಗೆ ಹೇಳಲಾಗದ್ದೆಲ್ಲ ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಾಗಿ ಹೊರಬರುತ್ತಿತ್ತು. ಆದರೆ ಹಾಡಿಗೂ ವಿಡಿಯೊಗೂ ಒಂದು ದೊಡ್ಡ ಅಂತರವಿದೆ. ಹಾಡಿದರೆ ಕೈ ನಿಲ್ಲುವುದಿಲ್ಲ, ಹಾಡೇ ಕೈಯನ್ನು ನಡೆಸುತ್ತದೆ. ವಿಡಿಯೊ ಮಾಡಲು ಕೈ ನಿಲ್ಲಿಸಬೇಕು. ಲಾರಿ ತಿರುವಿನಲ್ಲಿ ಬರುವ ಆ ಚೆಂದದ ದೃಶ್ಯ ಬೇಕಾದರೆ ಕ್ಲೀನರ್ ಇಳಿದು, ಫೋನು ಹಿಡಿದು ನಿಂತು, ಲಾರಿ ದಾಟಿ ಹೋದ ಮೇಲೆ ಅದರ ಹಿಂದೆ ಓಡಬೇಕು. ಒಬ್ಬನೇ ಹೊಲಕ್ಕೆ ಹೋಗುವ ರೈತ ಬದುವಿನ ಮೇಲೆ ಫೋನಿಟ್ಟು ಹಿಂದಕ್ಕೆ ಹೋಗಿ, ನಡೆದು ಬಂದು, ಫೋನು ತರಲು ಮತ್ತೆ ತಿರುಗಿ ಹೋಗುತ್ತಾನೆ. ನಾವು ನೋಡುವ ಒಂದು ನಡಿಗೆಯ ಹಿಂದೆ ಮೂರು ನಡಿಗೆಗಳಿವೆ. ಇನ್ನೊಂದು ಅಂತರ: ಬೀಸುವ ಪದವನ್ನು ಎಷ್ಟು ಜನ ಕೇಳಿದರು ಎಂದು ಯಾರೂ ಎಣಿಸುತ್ತಿರಲಿಲ್ಲ.

ಎಣಿಕೆ ಬಂದಲ್ಲಿ ಕತ್ತರಿ ಮೆಲ್ಲಗೆ ಕೈ ಬದಲಾಯಿಸುತ್ತದೆ. ಯೂಟ್ಯೂಬ್‌ನ ನಿಯಮಗಳು ಗುಟ್ಟೇನಲ್ಲ. 2018ರಿಂದ ಜಾಹೀರಾತಿನ ಹಣ ಬೇಕಾದರೆ 1000 ಚಂದಾದಾರರು ಮತ್ತು ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು. 2023ರಲ್ಲಿ 500 ಚಂದಾದಾರರಿದ್ದರೆ ಒಳಗೆ ಬಿಡುವ ಇನ್ನೊಂದು ಚಿಕ್ಕ ಬಾಗಿಲು ತೆರೆಯಿತು, ಆದರೆ ಜಾಹೀರಾತಿನ ಪಾಲಿಗೆ ಹಳೆಯ ಮಿತಿಯೇ ಉಳಿಯಿತು. ಉದ್ದದ ವಿಡಿಯೊದ ಜಾಹೀರಾತಿನಲ್ಲಿ ಮಾಡಿದವರಿಗೆ ಶೇ 55, ಶಾರ್ಟ್ಸ್ ಆದರೆ ಶೇ 45. ಹೆಚ್ಚಿನ ಚಾನೆಲ್‌ಗಳಿಗೆ ಈ ಪಾಲು ಮೊಬೈಲ್ ರೀಚಾರ್ಜಿಗೆ ಸಾಲುವಷ್ಟಾದರೆ ಹೆಚ್ಚು. ಹಣಕ್ಕಿಂತ ಹೆಚ್ಚಾಗಿ ಜನರನ್ನು ತಿದ್ದುವುದು ಒಂದು ಗೆರೆ. ಪ್ರತಿ ವಿಡಿಯೊದ ಜೊತೆ ಯೂಟ್ಯೂಬ್ ಒಂದು ನಕ್ಷೆ ಕೊಡುತ್ತದೆ. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಎದ್ದು ಹೋದರು ಎಂದು ಆ ಗೆರೆ ಇಳಿಯುತ್ತ ತೋರಿಸುತ್ತದೆ.

ನಮ್ಮ ಟರ್ನರ್ ಆ ಗೆರೆಯನ್ನು ನನಗೆ ತೋರಿಸಿದ್ದರು. ಒಂಬತ್ತು ನಿಮಿಷದ ವಿಡಿಯೊದಲ್ಲಿ ನಾಲ್ಕನೆಯ ನಿಮಿಷಕ್ಕೆ ಗೆರೆ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಅಲ್ಲಿ ಅವರು ಯಂತ್ರ ನಿಲ್ಲಿಸಿ ಸೂಕ್ಷ್ಮ ಅಳತೆಯ ಮೈಕ್ರೊಮೀಟರ್ ಹಿಡಿದಿದ್ದರು. ಅಳತೆ ತೆಗೆಯುವ ಮೊದಲು ಜಾಬ್ ತಣ್ಣಗಾಗಲೆಂದು ಕಾದಿದ್ದರು. 50 ಮಿಲಿಮೀಟರ್ ವ್ಯಾಸದ ಉಕ್ಕು 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಡ್ರಾಯಿಂಗ್ ಬಿಡುವ ಸಡಿಲವೇ 0.02 ಇದ್ದರೆ, ಬಿಸಿಯಲ್ಲಿ ಅಳೆದು ‘ಸರಿ ಇದೆ’ ಎಂದ ಜಾಬ್ ತಣಿದ ಮೇಲೆ ಗುಜರಿಯಾಗಬಹುದು. ಹದಿನೆಂಟು ವರ್ಷದ ಅನುಭವ ಇರುವುದು ಆ ಕಾಯುವಿಕೆಯಲ್ಲಿ. ನೋಡುವವರಿಗೆ ಮಾತ್ರ ಅಲ್ಲಿ ಏನೂ ನಡೆಯುತ್ತಿಲ್ಲ. ಮುಂದಿನ ವಿಡಿಯೊದಿಂದ ಅವರು ಅಳತೆಯನ್ನು ಕತ್ತರಿಸಿದರು. ಯಾರೂ ಹೇಳಲಿಲ್ಲ, ಗೆರೆ ಹೇಳಿತು. ಲಾರಿಯವನಿಗೆ ಕಾಯುವಿಕೆ ಕಥೆಯಾಯಿತು, ಲೇತಿನವನಿಗೆ ಆಗಲಿಲ್ಲ. ಲಾರಿಯವನ ಕಾಯುವಿಕೆಯಲ್ಲಿ ಸಾರು ಕುದಿಯುತ್ತದೆ, ಲೇತಿನ ಕಾಯುವಿಕೆಯಲ್ಲಿ ಒಬ್ಬ ಮನುಷ್ಯ ಸುಮ್ಮನೆ ನಿಂತಿರುತ್ತಾನೆ.

ಕಮೆಂಟುಗಳೂ ಹೀಗೆಯೇ ತಿದ್ದುತ್ತವೆ. ‘ಕೈಗವಸು ಯಾಕೆ ಹಾಕಿಲ್ಲ’ ಎಂದು ಅವರ ವಿಡಿಯೊದ ಕೆಳಗೆ ಕೇಳದ ದಿನವಿಲ್ಲ. ಸರಳನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಹತ್ತಿರ ಕೈಗವಸು ಹಾಕುವುದೇ ಅಪಾಯ, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮೊದಮೊದಲು ಪ್ರತಿಯೊಬ್ಬರಿಗೂ ಉತ್ತರ ಬರೆದರು. ಆಮೇಲೆ ಕೈ ಕಾಣದ ಹಾಗೆ ಫೋನನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದರು.

ಕೆಲಸ ಕೊಟ್ಟವರಿಗೂ ಈ ಕತ್ತರಿ ಬೇಕು. ಇಲ್ಲಿ ಎಲ್ಲ ಪ್ರಕರಣಗಳನ್ನೂ ಒಂದೇ ಚೀಲಕ್ಕೆ ಹಾಕುವುದು ಸರಿಯಲ್ಲ. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮದುವೆಗೆ ಮುಂಚಿನ ಚಿತ್ರೀಕರಣ ನಡೆಸಿ ಕೆಲಸ ಕಳೆದುಕೊಂಡರು. ಅದೇ ತಿಂಗಳು ಗದಗದ ವೈದ್ಯಕೀಯ ಕಾಲೇಜಿನ 38 ವಿದ್ಯಾರ್ಥಿಗಳು ಆಸ್ಪತ್ರೆಯಲ್ಲಿ ರೀಲ್ಸ್ ಮಾಡಿದ್ದಕ್ಕೆ ಶಿಸ್ತು ಕ್ರಮ ಎದುರಿಸಿದರು. ಅಮೆರಿಕದ ಒಹಾಯೊದಲ್ಲಿ ಶಸ್ತ್ರಚಿಕಿತ್ಸೆಗಳನ್ನು ಟಿಕ್‌ಟಾಕ್‌ನಲ್ಲಿ ನೇರಪ್ರಸಾರ ಮಾಡುತ್ತಿದ್ದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಪರವಾನಗಿಯನ್ನು ಅಲ್ಲಿನ ವೈದ್ಯಕೀಯ ಮಂಡಳಿ 2023ರಲ್ಲಿ ಶಾಶ್ವತವಾಗಿ ರದ್ದು ಮಾಡಿತು. ಇವುಗಳಲ್ಲಿ ನನಗೆ ದೊಡ್ಡ ಗೊಂದಲವಿಲ್ಲ. ಮೇಜಿನ ಮೇಲೆ ಮಲಗಿದವರ ಹೊಟ್ಟೆ ವೈದ್ಯರ ‘ಕೆಲಸದ ಬದುಕು’ ಮಾತ್ರವಲ್ಲ, ಇನ್ನೊಬ್ಬರ ದೇಹ ಕೂಡ. ಅರಿವಳಿಕೆಯಲ್ಲಿರುವವರು ‘ಇದನ್ನು ತೆಗೆದುಬಿಡಿ’ ಎಂದು ಹೇಳಲಾರರು.

ಸಮವಸ್ತ್ರದ ವಿಷಯ ಬೇರೆ. ಉತ್ತರ ಪ್ರದೇಶ ಪೊಲೀಸ್ ಇಲಾಖೆ 2023ರ ಫೆಬ್ರುವರಿಯಲ್ಲಿ ಸಮವಸ್ತ್ರದಲ್ಲಿ ರೀಲ್ಸ್ ಮಾಡುವುದನ್ನು ನಿಷೇಧಿಸಿ ನೀತಿ ಹೊರಡಿಸಿತು. ಅದಕ್ಕೂ ಕೆಲವು ತಿಂಗಳ ಹಿಂದೆ ಮಹಾರಾಷ್ಟ್ರದ ರಾಜ್ಯ ಸಾರಿಗೆ ನಿಗಮ ಸಮವಸ್ತ್ರದಲ್ಲಿ ರೀಲ್ಸ್ ಮಾಡಿದ ಕಂಡಕ್ಟರ್ ಒಬ್ಬರನ್ನು ಅಮಾನತು ಮಾಡಿತ್ತು. ಸಂಸ್ಥೆಯ ಘನತೆ ಎಂಬುದು ಇಂಥ ಕಡೆಗಳಲ್ಲಿ ಮೊದಲು ಬರುವ ಮಾತು. ಆದರೆ ಆದೇಶದ ಭಾಷೆ ಕುಣಿತದ ರೀಲನ್ನೂ ಸೋರುವ ಚಾವಣಿಯ ವಿಡಿಯೊವನ್ನೂ ಬೇರೆ ಮಾಡುವುದಿಲ್ಲ, ಮತ್ತು ಆ ಬೇರೆ ಮಾಡದಿರುವಿಕೆ ಮೇಲಿನವರಿಗೆ ಬಹಳ ಅನುಕೂಲ. ಬಸ್ಸು ಓಡಿಸುತ್ತ ಫೋನು ಹಿಡಿಯುವುದಕ್ಕೆ ಬೇರೆಯೇ ಕಾನೂನಿದೆ. 2019ರ ತಿದ್ದುಪಡಿಯ ನಂತರ ಅದು ಅಪಾಯಕಾರಿ ಚಾಲನೆ, ದಂಡ 1000ದಿಂದ 5000 ರೂಪಾಯಿ. ಅದಕ್ಕೆ ಘನತೆಯ ಸುತ್ತೋಲೆ ಬೇಕಿಲ್ಲ.

ಮಾಹಿತಿ ತಂತ್ರಜ್ಞಾನದವರ ಕಥೆ ತಮಾಷೆಯದು. 2022ರಲ್ಲಿ ದೊಡ್ಡ ಕಂಪನಿಗಳ ಉದ್ಯೋಗಿಗಳು ‘ನನ್ನ ಒಂದು ದಿನ’ ಎಂಬ ಮಾದರಿಯ ವಿಡಿಯೊಗಳನ್ನು ಸಾಲುಸಾಲಾಗಿ ಹಾಕಿದರು. ಕಾಫಿ, ಕ್ಯಾಂಟೀನು, ಮಹಡಿಯ ಮೇಲಿನ ಗಿಡಗಳು, ಮತ್ತೆ ಕಾಫಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಿಂದಲೂ ಬಂದವು. ಆ ವರ್ಷದ ಕೊನೆಗೆ ಕೆಲಸದಿಂದ ತೆಗೆಯುವ ಅಲೆ ಎದ್ದಾಗ ಜನ ಅದೇ ವಿಡಿಯೊಗಳನ್ನು ಹುಡುಕಿ ತೆಗೆದು ‘ಇವರು ಕೆಲಸ ಯಾವಾಗ ಮಾಡುತ್ತಿದ್ದರು’ ಎಂದು ಗೇಲಿ ಮಾಡಿದರು. ಕೆಲಸ ಕಾಣದಿರಲು ಕಾರಣ ಸರಳ: ಪರದೆಯನ್ನು ತೋರಿಸುವ ಹಾಗಿಲ್ಲ, ಒಪ್ಪಂದದಲ್ಲೇ ಅದು ಬರೆದಿರುತ್ತದೆ. ಎಂಟು ಗಂಟೆಯ ಕೋಡಿಂಗನ್ನು ಕಂಪನಿಯ ಕತ್ತರಿ ಮೊದಲೇ ತೆಗೆದುಬಿಟ್ಟಿತ್ತು, ಉಳಿದದ್ದು ಕಾಫಿ. ಟರ್ನರ್ ಕೂಡ ಜಾಬ್ ತೋರಿಸುವ ಹಾಗಿರಲಿಲ್ಲ, ಆದರೆ ಅವರಿಗೆ ಚೂರಾದರೂ ಸಿಕ್ಕಿತು. ಕೋಡ್ ಬರೆಯುವುದರಲ್ಲಿ ನೆಲಕ್ಕೆ ಬೀಳುವಂಥದ್ದು ಏನೂ ಇಲ್ಲ. ಆ ಕಾಫಿ ವಿಡಿಯೊ ಮಾಡುವ ಹುಡುಗಿಯೇ ರಾತ್ರಿ ಕೂತು ಲೇತಿನ ನೀಲಿ ಸುರುಳಿ ನೋಡುತ್ತಿರಬಹುದು ಎಂದು ನನ್ನ ಗುಮಾನಿ. ಶುರುವಾಗಿ, ಕಣ್ಣೆದುರಿಗೇ ಮುಗಿಯುವ ಕೆಲಸ ನೋಡುವುದರಲ್ಲಿ ಏನೋ ಸಮಾಧಾನವಿದೆ.

ಕತ್ತರಿ ತಿರುಗಿ ಬಿದ್ದದ್ದೂ ಉಂಟು. 2024ರ ಜನವರಿಯಲ್ಲಿ ಅಮೆರಿಕದ ಇಂಟರ್ನೆಟ್ ಸೇವೆಗಳ ಕ್ಲೌಡ್‌ಫ್ಲೇರ್ ಕಂಪನಿಯ ಯುವ ಉದ್ಯೋಗಿಯೊಬ್ಬರು ತಮ್ಮನ್ನು ಕೆಲಸದಿಂದ ತೆಗೆಯುವ ವಿಡಿಯೊ ಕರೆಯನ್ನೇ ಚಿತ್ರೀಕರಿಸಿ ಹಾಕಿದರು. ಕಾರಣ ಕೇಳಿದರೆ ಆ ಕಡೆಯವರು ತಡವರಿಸುವುದು ಲಕ್ಷಾಂತರ ಜನರಿಗೆ ಕಂಡಿತು. ಕಂಪನಿಯ ಮುಖ್ಯಸ್ಥರೇ ಮುಂದೆ ಬಂದು ಇದನ್ನು ನೋಡಲು ಕಷ್ಟವಾಯಿತು, ನಾವು ಇನ್ನಷ್ಟು ಮಾನವೀಯವಾಗಿರಬೇಕಿತ್ತು ಎಂಬರ್ಥದ ಮಾತು ಬರೆಯಬೇಕಾಯಿತು.

ಡೆಲಿವರಿ ಕೆಲಸದವರ ವಿಡಿಯೊಗಳು ಇದಕ್ಕೆ ಹತ್ತಿರದವು. ‘ಇವತ್ತು ಹದಿನಾಲ್ಕು ಗಂಟೆ ಓಡಿಸಿದರೆ ಎಷ್ಟು ಬಂತು’ ಎಂಬುದೇ ಅವರಲ್ಲಿ ಒಂದು ಪ್ರಕಾರ. ಬೆಳಗ್ಗೆ ಪೆಟ್ರೋಲ್ ಹಾಕಿಸುವುದರಿಂದ ಶುರು, ನಡುವೆ ಲಿಫ್ಟ್ ಬಳಸಬೇಡಿ ಎಂದ ಅಪಾರ್ಟ್‌ಮೆಂಟಿನ ಕಾವಲುಗಾರ, ಮಳೆ, ರದ್ದಾದ ಒಂದು ಆರ್ಡರ್, ಕೊನೆಗೆ ಆ್ಯಪ್‌ನ ಪರದೆಯ ಮೇಲಿನ ಮೊತ್ತ. ಇನ್ಸೆಂಟಿವ್ ಹೇಗೆ ಲೆಕ್ಕವಾಗುತ್ತದೆ, ಯಾವಾಗ ಕಡಿಮೆಯಾಯಿತು ಎಂದು ಒಬ್ಬರಿಂದೊಬ್ಬರು ಕಲಿತದ್ದು ಈ ವಿಡಿಯೊಗಳಿಂದಲೇ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ, ಕೆಲಸ ಹಂಚುವ ಮತ್ತು ಸಂಪಾದನೆ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೆ ಮಾಹಿತಿ ಕೊಡಬೇಕು ಎನ್ನುತ್ತದೆ. ಕಾಯ್ದೆ ಕೇಳುತ್ತಿರುವುದನ್ನು ಹುಡುಗರು ಹ್ಯಾಂಡಲ್‌ಗೆ ಫೋನು ಕಟ್ಟಿಕೊಂಡು ಆಗಲೇ ತಮ್ಮಷ್ಟಕ್ಕೆ ಹುಡುಕುತ್ತಿದ್ದರು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಕೆಲಸದ ವಿಡಿಯೊ ಎಂದು ನಾವು ನೋಡುವುದರಲ್ಲಿ ಕ್ಯಾಮೆರಾ ಹಿಡಿದವನೂ ಕೆಲಸ ಮಾಡುತ್ತಿರುವವನೂ ಒಬ್ಬನೇ ಆಗಿರಬೇಕೆಂದಿಲ್ಲ. ಮಲೆನಾಡಿನ ಅಡಿಕೆ ಕೊಯ್ಲಿನ ವಿಡಿಯೊಗಳನ್ನು ನೋಡಿ. ಕಾಲಿಗೆ ತಳೆ ಎಂಬ ಬಳೆ ಸಿಕ್ಕಿಸಿಕೊಂಡು ಕೊನೆಗೌಡ, ಅಂದರೆ ಅಡಿಕೆ ಕೊಯ್ಯುವವ, ಏರುತ್ತಾನೆ, ತುದಿಯಲ್ಲಿ ಮರವನ್ನು ತೂಗಿ ತೂಗಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತಾನೆ, ಅಡಿಕೆ ಗೊನೆ ಹಗ್ಗದ ಗುಂಟ ಜಾರಿ ಬರುತ್ತದೆ, ಕೆಳಗೆ ಒಬ್ಬ ಹಿಡಿಯುತ್ತಾನೆ. ಡ್ರೋನಿನ ದೃಶ್ಯ, ಕೊಳಲಿನ ಸಂಗೀತ, ಬೆಂಗಳೂರಿನಿಂದಲೂ ದುಬೈಯಿಂದಲೂ ‘ಊರು ನೆನಪಾಯಿತು’ ಎಂಬ ಕಮೆಂಟುಗಳು. ಚಾನೆಲ್ ತೋಟದ ಯಜಮಾನರದು. ‘ನಮ್ಮ ಕೊಯ್ಲು’ ಎಂದು ಅವರು ಹೇಳುವಾಗ ಸುಳ್ಳೇನೂ ಇಲ್ಲ, ತೋಟ ಅವರದ್ದೇ. ಆದರೆ ಐವತ್ತು ಅಡಿ ಮೇಲೆ ತೂಗುತ್ತಿರುವವನ ಹೆಸರು ವಿಡಿಯೊದಲ್ಲಿ ಎಷ್ಟು ಸಲ ಬರುತ್ತದೆ ಎಂದು ಎಣಿಸಿದ್ದೇನೆ. ನಾನು ನೋಡಿದ ಹತ್ತರಲ್ಲಿ ಎರಡರಲ್ಲಿ ಬಂತು. ಅವನ ಕೈಯಲ್ಲಿ ಫೋನಿದ್ದಿದ್ದರೆ ಅವನು ಮೇಲಿನಿಂದ ಏನು ತೋರಿಸುತ್ತಿದ್ದ? ಮಳೆಗಾಲದಲ್ಲಿ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಸಿಂಪಡಿಸುವಾಗ ನೀಲಿಯಾಗುವ ಅಂಗೈಯನ್ನೋ, ನೆಲದಿಂದಲೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಕೊಯ್ಲಿಗೆ ಮರ ಏರಲು ಕರೆಯದೇ ಇದ್ದ ತೋಟಗಳನ್ನೋ. ನಾಟಿ ಹಾಕುವ ಹೆಂಗಸರ ವಿಡಿಯೊಗಳದ್ದೂ ಇದೇ ಕಥೆ. ಸಾಲಾಗಿ ಬಗ್ಗಿದ ಬೆನ್ನುಗಳು ಬಹಳ ಚೆಂದ ಕಾಣುತ್ತವೆ, ಮುಖ ಕಾಣುವುದು ಅಪರೂಪ.

ವಿಡಿಯೊ ಮಾಡಲಾಗದ ಕೆಲಸಗಳೂ ಇವೆ. ಹಲವು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಫೋನನ್ನು ಲೈನಿಗೆ ಒಯ್ಯುವಂತಿಲ್ಲ. ಹಾಗಾಗಿ ಆ ಹೆಣ್ಣುಮಕ್ಕಳ ರೀಲುಗಳಲ್ಲಿ ಇರುವುದು ಬುತ್ತಿ ಬಿಚ್ಚುವ ಅರ್ಧ ಗಂಟೆ, ಸಂಜೆಯ ವಾಹನದಲ್ಲಿ ಒತ್ತಿಕೊಂಡು ನಿಂತ ನಗು. ಮನೆಗೆಲಸದವರಿಗೆ ಅದೂ ಇಲ್ಲ. ಬೇರೆಯವರ ಅಡುಗೆಮನೆಯಲ್ಲಿ ಫೋನು ತೆಗೆದರೆ ಮರುದಿನ ಕೆಲಸ ಇರುವುದಿಲ್ಲ.

ಗೆದ್ದವರ ಕೈಯಿಂದಲೂ ಕತ್ತರಿ ಜಾರುತ್ತದೆ. ಚೀನಾದ ಸಿಚುವಾನ್ ಪ್ರಾಂತ್ಯದ ಲಿ ಝಿಚಿ ಹಳ್ಳಿಯ ಕೆಲಸಗಳನ್ನು ಚಿತ್ರದಂತೆ ತೋರಿಸಿ 2021ರ ಹೊತ್ತಿಗೆ ಯೂಟ್ಯೂಬ್‌ನ ಚೀನೀ ಭಾಷೆಯ ಚಾನೆಲ್‌ಗಳಲ್ಲಿ ಗಿನ್ನೆಸ್ ದಾಖಲೆ ಮಾಡಿದವರು. ಅದೇ ವರ್ಷ ಜುಲೈಯಲ್ಲಿ ವಿಡಿಯೊಗಳು ನಿಂತವು. ಅವರ ಹೆಸರಿನ ವ್ಯಾಪಾರ ಯಾರದ್ದು ಎಂದು ಪಾಲುದಾರ ಕಂಪನಿಯ ಜೊತೆ ವ್ಯಾಜ್ಯ. 2022ರ ಕೊನೆಗೆ ರಾಜಿಯಾಯಿತು, ಮುಂದಿನ ವಿಡಿಯೊ ಬಂದದ್ದು 2024ರ ನವೆಂಬರಿನಲ್ಲಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಚಾನೆಲ್ ಮೌನವಾಗಿತ್ತು. ನಮ್ಮ ಲಾರಿ ಚಾಲಕರಿಗೆ ಆ ಮಟ್ಟದ ವ್ಯಾಜ್ಯ ಇನ್ನೂ ದೂರ. ಸದ್ಯಕ್ಕೆ ಅವರ ಮುಂದಿರುವುದು ಟೈರ್ ಕಂಪನಿಯೋ ಆ್ಯಪ್ ಕಂಪನಿಯೋ ಕೊಡುವ ಪ್ರಚಾರದ ಹಣ. ಪ್ರಚಾರವಾದರೆ ಪ್ರಚಾರ ಎಂದು ಎದ್ದು ಕಾಣುವಂತೆ ತಿಳಿಸಬೇಕು ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಹೇಳಿದೆ. ಎಷ್ಟು ಜನ ಪಾಲಿಸುತ್ತಾರೆ ಎಂಬುದನ್ನು ನೋಡುಗರೇ ಬಲ್ಲರು.

ಪೀಣ್ಯದ ಟರ್ನರ್ ಮೊನ್ನೆ ಸಿಕ್ಕಿದ್ದರು. ಹಟಕ್ಕೆ ಬಿದ್ದು ಒಂದು ವಿಡಿಯೊ ಮಾಡಿದ್ದಾರೆ. ಏಳು ನಿಮಿಷ, ಒಂದೂ ಕಟ್ ಇಲ್ಲ. ಯಂತ್ರ ನಿಲ್ಲುತ್ತದೆ, ಜಾಬ್ ತಣಿಯುತ್ತದೆ, ಅವರು ಕಾಯುತ್ತಾರೆ, ಕೈ ಒರೆಸಿಕೊಳ್ಳುತ್ತಾರೆ, ಮೈಕ್ರೊಮೀಟರ್ ಮೂರು ಜಾಗದಲ್ಲಿ ಹಿಡಿದು ಓದುತ್ತಾರೆ. ನೀಲಿ ಸುರುಳಿಯನ್ನು ಲಕ್ಷ ಜನ ನೋಡಿದ್ದರು, ಇದನ್ನು ನೋಡಿದವರು ಇನ್ನೂರ ಹನ್ನೆರಡು. ಕೈಗವಸಿನ ಪ್ರಶ್ನೆ ಈ ಸಲ ಯಾರೂ ಕೇಳಿರಲಿಲ್ಲ. ಒಂದೇ ಒಂದು ಕಮೆಂಟು, ಭದ್ರಾವತಿಯ ಕಡೆಯ ನಿವೃತ್ತ ಟರ್ನರ್ ಒಬ್ಬರದು: ‘ಅಳೆಯುವ ಮೊದಲು ಮೈಕ್ರೊಮೀಟರಿನ ಝೀರೊ ಎರರ್ ನೋಡಿಕೊಂಡಿರಾ?’ ಉಪಕರಣದ ಸೊನ್ನೆ ಸರಿಯಾಗಿ ಕೂತಿದೆಯೇ ಎಂಬ ಪರೀಕ್ಷೆ ಅದು.

ಏನು ಉತ್ತರ ಬರೆದಿರಿ ಎಂದು ಕೇಳಿದೆ. ‘ನೋಡಿಕೊಂಡಿದ್ದೆ’ ಎಂದರು, ‘ಆದರೆ ಕ್ಯಾಮೆರಾ ಆನ್ ಮಾಡುವ ಮೊದಲು.’